ಹದಿಮೂರನೆಯ ನಕ್ಷೆಯ ದಿನಾಂಕ

೨೦೨೪ರ ಮೇ ೧೪ರಂದು ನನ್ನ ಗಣಕದಲ್ಲಿ ದಿನಾಂಕವಿಲ್ಲದ ಹನ್ನೆರಡು ನಕ್ಷೆಗಳಿದ್ದವು. ಹಾರನಹಳ್ಳಿಯ ಗುರುಸಿದ್ದಮ್ಮನವರ ತೆಂಗಿನ ತೋಟದಲ್ಲಿ ಹನ್ನೆರಡು ಮೀಟರ್ ಆಳದವರೆಗೆ ಮಣ್ಣಿನ ಉಷ್ಣತೆಯನ್ನು ತಿಂಗಳಿಗೊಮ್ಮೆ ಅಳೆದು ಮಾಡಿದ ಮೂರು ಆಯಾಮದ ನಕ್ಷೆಗಳವು. ಅಳತೆಯ ಪುಸ್ತಕ ನೋಡಿ ಒಂದೊಂದಕ್ಕೂ ದಿನಾಂಕ ನಮೂದಿಸಿದೆ; ಬಳಿಕ ಕ್ರಮವಾಗಿ ತೆರೆದೆ.

ಮಣ್ಣೆಲ್ಲ ಇಪ್ಪತ್ತಾರು ಡಿಗ್ರಿ ಇತ್ತು. ಮಲಗಿದ ಮನುಷ್ಯನಷ್ಟು ಉದ್ದದ ಒಂದು ಭಾಗ ಮಾತ್ರ ಮೂವತ್ತೇಳು. ಮೊದಲ ತಿಂಗಳು ಅದು ಹನ್ನೆರಡನೆಯ ಮೀಟರಿನಲ್ಲಿತ್ತು. ಪ್ರತಿ ತಿಂಗಳೂ ಒಂದು ಮೀಟರ್ ಮೇಲೆ ಬಂದಿತ್ತು. ಕೊನೆಯ ನಕ್ಷೆಯಲ್ಲಿ ನೆಲದ ಮೇಲ್ಮೈಗೆ ಉಳಿದದ್ದು ಒಂದೇ ಮೀಟರ್.

ಅಳತೆ ಮಾಡಿದ್ದ ನನ್ನ ವಿದ್ಯಾರ್ಥಿನಿ ಸಿಂಧು ಪರದೆ ನೋಡಿ ಬೆಚ್ಚಿದಳು. “ಮೇಷ್ಟ್ರೇ, ಅಜ್ಜಿ ಮಧ್ಯಾಹ್ನ ಚಾಪೆ ಹಾಕೋದು ಅಲ್ಲೇ ಕಣ್ರೀ!”

ನಾವು ತೋಟಕ್ಕೆ ಹೋದಾಗ ಗುರುಸಿದ್ದಮ್ಮ ಅಲ್ಲೇ ಮಲಗಿದ್ದರು. ಎಬ್ಬಿಸಿ ಮನೆಯ ಜಗಲಿಗೆ ಕರೆತಂದು ಕೂರಿಸಿದೆವು.

“ಏನ್ ಮೇಷ್ಟ್ರೇ, ನಿದ್ದೆಗೂ ಲೆಕ್ಕ ಕೇಳ್ತೀರಾ?” ಎಂದು ನಕ್ಕರು. ಆಮೇಲೆ ತಮ್ಮ ಪಕ್ಕದ ಖಾಲಿ ಜಾಗದ ಕಡೆ ತಿರುಗಿ, “ವಸಿ ಅತ್ಲಾಗ್ ಸರ್ಕೋ, ಸೆಕೆ ಆಗ್ತೈತೆ” ಎಂದರು.

ನಾನು ಅಲ್ಲಿ ಕೈಯಿಟ್ಟೆ. ನೆರಳಿನಲ್ಲಿದ್ದ ಜಗಲಿಯ ಆ ಕಲ್ಲು ಮನುಷ್ಯರ ಮೈಯಷ್ಟು ಬಿಸಿಯಾಗಿತ್ತು.

ಸಿಂಧು ಅಂದೇ ಮತ್ತೊಮ್ಮೆ ಅಳೆದಳು. ಹದಿಮೂರನೆಯ ನಕ್ಷೆಯಲ್ಲಿ ಮಣ್ಣು ಮೇಲಿನಿಂದ ತಳದವರೆಗೆ ಇಪ್ಪತ್ತಾರೇ ಡಿಗ್ರಿ. ಅದು ನೆಲದಿಂದ ಹೊರಬಂದ ದಿನವೆಂದು ಬರೆಯಲು ಮನಸ್ಸಾಗದೆ, ಆ ನಕ್ಷೆಗೆ ದಿನಾಂಕ ನಮೂದಿಸುವುದನ್ನು ನಾನಿನ್ನೂ ಬಾಕಿ ಇಟ್ಟಿದ್ದೇನೆ.