ಎಂಬತ್ತೇಳರ ಹಳಿ, ಎಪ್ಪತ್ತಾರರ ಇಂಜಿನ್

"ನಮ್ಮಪ್ಪನ್ನ ಕೊಂದೋರು ಯಾರು ಅಂತ ನನಗೆ ಗೊತ್ತು ಮೇಡಂ. ರುಜುವಾತು ಮಾಡಿಕೊಡಿ ಸಾಕು. ಆಮೇಲಿಂದು ನಾನು ನೋಡ್ಕೊಂತೀನಿ."

ಮಾಲೂರಿನ ಶಾಮಲಮ್ಮನ ಮನೆಯ ಹಜಾರದಲ್ಲಿ ಕೂತು ರಮ್ಯ ಹೀಗೆಂದಾಗ, ಬಾಗಿಲಲ್ಲಿ ನಿಂತಿದ್ದ ಕದಿರೇಶನ ಮೈ ಜುಮ್ಮೆಂದಿತು. ಕದಿರೇಶ ಶಾಮಲಮ್ಮನ ಕಾರಿನ ಡ್ರೈವರ್. ಆಕೆ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೂ ಪೊಲೀಸರಿಗೆ ಬಗೆಹರಿಯದ ಗೋಜಲುಗಳೆಲ್ಲ ಈ ಮನೆಗೇ ಬರುತ್ತಿದ್ದವು, ಇವನು ಅವನ್ನೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಅಳುವವರನ್ನು ಕಂಡರೆ ಅವನಿಗೆ ಬೇಜಾರು, ಹಲ್ಲು ಕಡಿಯುವವರನ್ನು ಕಂಡರೆ ಗೌರವ. ಕಾರಿಗೆ ಗೀರು ಹಾಕಿದವನೊಬ್ಬನ ಸ್ಕೂಟರಿನ ಗಾಳಿ ಬಿಡಲು ವರ್ಷವಿಡೀ ಹೊಂಚು ಹಾಕಿದ ಆಸಾಮಿ. ಕಣ್ಣಲ್ಲಿ ಹನಿ ನೀರಿಲ್ಲದೆ ಸೇಡಿನ ಮಾತಾಡುವ ಈ ಕೋಲಾರದ ಮೇಷ್ಟ್ರಮ್ಮ ಅವನಿಗೆ ತಕ್ಷಣ ಹಿಡಿಸಿಬಿಟ್ಟಳು.

ರಮ್ಯಳ ತಂದೆ ಶ್ರೀರಾಮಪ್ಪ ರಿಟೈರಾದ ಸ್ಟೇಷನ್ ಮಾಸ್ಟರ್. ಹಿಂದೆ ಸಣ್ಣ ಹಳಿಯ ರೈಲು ಓಡುತ್ತಿದ್ದ ಕಾಲದಲ್ಲಿ ಅವರು ಕೆಲಸ ಮಾಡಿದ ಬಂಡೆಕುಂಟೆ ಸ್ಟೇಷನ್ನನ್ನು, ಶ್ರೀನಿವಾಸಪುರದ ತಮ್ಮ ಮನೆಯ ಮಹಡಿಯಲ್ಲಿ ಪುಟ್ಟ ಮಾದರಿಯಾಗಿ ಕಟ್ಟಿದ್ದರು. ಓಡುವ ರೈಲು, ಗೂಡ್ಸ್ ಶೆಡ್ಡು, ಸಿಗ್ನಲ್ಲು, ಗೇಟು, ಎಲ್ಲವೂ ಇದ್ದವು. ಒಂದು ಬೆಳಗ್ಗೆ ವಾಕಿಂಗ್ ಮುಗಿಸಿ ಮಹಡಿಗೆ ಹೋದವರು, ಆ ಮಾದರಿಯ ಬೆಟ್ಟದೊಳಗಿನ ಸುರಂಗಕ್ಕೆ ಕೈ ಹಾಕಿದಾಗ ಕರೆಂಟು ಹೊಡೆದು ಸತ್ತರು. ಸುರಂಗದ ಬಾಯಲ್ಲಿ ಒಂದು ಇಂಜಿನ್ ಸಿಕ್ಕಿಹಾಕಿಕೊಂಡಿತ್ತು. ಆಟದ ರೈಲಿಗೆ ಕರೆಂಟು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಕೆಟ್ಟು ಹಳಿಗೆಲ್ಲ ಮನೆ ಕರೆಂಟು ಹರಿದಿದೆ, ಆಕಸ್ಮಿಕ ಸಾವು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

"ಆ ಇಂಜಿನ್ ಅಪ್ಪಂದಲ್ಲ. ಮುಳಬಾಗಿಲಿನ ಅಜ್ಮತುಲ್ಲಾ ಅವರದ್ದು. ಹಿತ್ತಾಳೆ ಕೆಲಸದೋರು, ಅಪ್ಪಂಗೆ ಈ ಹುಚ್ಚು ಹಿಡಿಸಿದ್ದೇ ಅವರು. ಯಾವ ಸ್ಕೇಲಲ್ಲಿ ಕಟ್ಟಬೇಕು ಅಂತ ಇಬ್ಬರಿಗೂ ಮೂರು ವರ್ಷ ಜಗಳ. ಅಪ್ಪ ಎಂಬತ್ತೇಳು ಅಂದ್ರೆ ಅವರು ಎಪ್ಪತ್ತಾರು. ಕೋಲಾರದ ಎಕ್ಸಿಬಿಷನ್ನಲ್ಲಿ ಎಲ್ಲರೆದುರಿಗೆ, 'ನನ್ನ ಇಂಜಿನ್ನ ನಿನ್ನ ಹಳಿ ಮೇಲೆ ಓಡಿಸದೆ ಬಿಡಲ್ಲ' ಅಂದಿದ್ರು. ಆಮೇಲಿಂದ ಮಾತು ಬಿಟ್ಟಿದ್ರು."

"ಈಗ ಅಜ್ಮತುಲ್ಲಾ ಎಲ್ಲಿದಾರೆ?"

"ಅಂಗಡೀಲೇ ಇದಾರೆ. ಬಜಾರಲ್ಲಿ ಒಬ್ಬರೂ ಅವರ ಮೆಟ್ಟಿಲು ಹತ್ತದ ಹಾಗೆ ಮಾಡಿದೀನಿ. ಅಷ್ಟು ಸಾಲ್ದು. ಜೈಲು ಕಾಣಬೇಕು."

ಶಾಮಲಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಾನು ಸಿಕ್ಕಿದ್ದನ್ನ ಹೇಳೋಳು. ನಿನಗೆ ಬೇಕಾದ್ದನ್ನ ಹುಡುಕೋಳಲ್ಲ."

"ಯಾರಾದ್ರೂ ಸರಿ ಮೇಡಂ. ಕಂಪ್ಲೇಂಟ್ ನನ್ನ ಕೈಯಾರೆ ಬರೆದು ಕೊಡ್ತೀನಿ."

ಮಾರನೆಯ ದಿನ ಶ್ರೀನಿವಾಸಪುರದ ದಾರಿಯಲ್ಲಿ ಕದಿರೇಶ ಸುಮ್ಮನಿರಲಾರದೆ ಬಾಯಿ ಬಿಟ್ಟ. "ಮೇಡಂ, ಎಂಬತ್ತೇಳಕ್ಕಿಂತ ಎಪ್ಪತ್ತಾರು ಕಮ್ಮಿ. ಅಂದ್ರೆ ಅಜ್ಮತುಲ್ಲಾ ಇಂಜಿನ್ನೇ ಸಣ್ಣದು. ಸಣ್ಣದು ಹೆಂಗೆ ಸಿಕ್ಕಿಹಾಕ್ಕೊಂತು?"

"ಒಳ್ಳೆ ಪ್ರಶ್ನೆ ಕಣೋ. ಎಲ್ಲರನ್ನೂ ಕೇಳೋಣ," ಎಂದರು ಶಾಮಲಮ್ಮ.

ರಮ್ಯಳ ತಾಯಿ ಸುನಂದಮ್ಮ ಅಡಿಗೆಮನೆಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ವೈರಿನ ತುದಿಗೆ ಲಗ್ ಎಂಬ ಪುಟ್ಟ ಹಿತ್ತಾಳೆ ಟೊಪ್ಪಿಗೆ ತೊಡಿಸಿ ಇಕ್ಕಳದಲ್ಲಿ ಒತ್ತುತ್ತಿದ್ದರು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ವೇಮಗಲ್ ವೈರ್ ಫ್ಯಾಕ್ಟರಿಗೆ ಹೋಗ್ತಿದ್ದಾಗಿಂದ ಇದೇ ಅಭ್ಯಾಸ," ಎಂದು ಎದ್ದು ಕಾಫಿಗೆ ನೀರಿಟ್ಟರು. ಗಂಡ ಹೋದ ದುಃಖದಲ್ಲೂ ಕೈ ಕಟ್ಟಿ ಕೂರದ ಹೆಂಗಸು ಎಂದು ಕದಿರೇಶ ಮೆಚ್ಚಿಕೊಂಡ. ಶ್ರೀರಾಮಪ್ಪನವರ ಅಣ್ಣನ ಮಗ ಅನಿಲ್‌ಕುಮಾರ್ ಕೂಡ ಬಂದಿದ್ದ. ಕೋಲಾರದಲ್ಲಿ ಅವನದು ಯುಪಿಎಸ್ ಅಂಗಡಿ. ಚಿಕ್ಕಪ್ಪ ಸಾಯುವ ಹಿಂದಿನ ವಾರವಷ್ಟೇ ಆ ಮನೆಗೆ ಯುಪಿಎಸ್ ಹಾಕಿ ಹೋಗಿದ್ದ. ಗೋಡೆಯ ಮೇಲೆ ಅವನು ಎಳೆದ ವೈರಿನ ಜೋಡಣೆಗಳಿಗೆಲ್ಲ ಕಪ್ಪು ಟೇಪು ಸುತ್ತಿತ್ತು.

"ಈ ಸ್ಕೇಲ್ ಅಂದ್ರೇನಪ್ಪ?" ಎಂದು ಶಾಮಲಮ್ಮ ಏನೂ ತಿಳಿಯದವರಂತೆ ಕೇಳಿದರು.

"ಹಳಿ ಅಗಲ ಮೇಡಂ," ಎಂದ ಅನಿಲ್. "ನಮ್ಮ ಕಡೆ ಸಣ್ಣ ಹಳಿ, ದೊಡ್ಡ ಹಳಿ ಅಂತಿರ್ಲಿಲ್ವಾ, ಅದೇ." ರಮ್ಯಳೂ ಹೌದೆಂದು ತಲೆಯಾಡಿಸಿದಳು.

ಸುನಂದಮ್ಮ ಲೋಟ ಇಡುತ್ತ, "ನನಗೆ ಈ ಆಟದ ಸಾಮಾನೆಲ್ಲ ತಿಳೀದು. ಕಾಫಿ ಕೊಡಕ್ಕೆ ಹೋದಾಗ ಕಿವಿಗೆ ಬೀಳ್ತಿತ್ತು ಅಷ್ಟೆ. ನಂಬರ್ ಚಿಕ್ಕದಾದ್ರೆ ಬಂಡಿ ದೊಡ್ಡದಂತೆ, ಅದೆಂಥ ಲೆಕ್ಕಾನೋ," ಎಂದರು. ಪಾಪ, ದುಃಖದಲ್ಲಿ ತಲೆಕೆಳಗು ಹೇಳುತ್ತಿದ್ದಾರೆ ಅಂದುಕೊಂಡ ಕದಿರೇಶ.

ಕಾಫಿ ಮುಗಿಸಿ ಎಲ್ಲರೂ ಮಹಡಿಗೆ ಹೋದರು. ಅದಕ್ಕೆ ಹೊರಗಿನಿಂದಲೂ ಮೆಟ್ಟಿಲಿತ್ತು. ಯಾರು ಬೇಕಾದರೂ ಹತ್ತಿ ಬರಬಹುದಿತ್ತು, ತಾನು ಆ ಹೊತ್ತಿನಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದರು ಸುನಂದಮ್ಮ. ಅವರು ಕೆಳಗಿಳಿದು ಹೋದ ಮೇಲೆ ರಮ್ಯ ತಗ್ಗಿದ ದನಿಯಲ್ಲಿ, "ಅಮ್ಮನ್ನ ಜಾಸ್ತಿ ಕೇಳ್ಬೇಡಿ ಮೇಡಂ. ಅಪ್ಪನ ಬಾಯಿಗಕ್ಕಿ ಹಾಕಕ್ಕೂ ಏಳ್ಲಿಲ್ಲ. ಮುಖ ಕೂಡ ನೋಡ್ಲಿಲ್ಲ. ಅಷ್ಟು ಕುಸಿದು ಹೋಗಿದಾರೆ," ಎಂದಳು.

ದೊಡ್ಡ ಹಲಗೆಯ ಮೇಲೆ ಬಂಡೆಕುಂಟೆ ಹರಡಿಕೊಂಡಿತ್ತು. ಶಾಮಲಮ್ಮ ಮೊದಲು ಆ ಇಂಜಿನ್ನನ್ನೇ ತೆಗೆದು ನೇರ ಹಳಿಯ ಮೇಲಿಟ್ಟು ಗುಂಡಿ ತಿರುಗಿಸಿದರು. ಅದು ಜುಯ್ಯೆಂದು ಓಡಿತು. ಅವರ ಹುಬ್ಬು ಮೇಲೇರಿತು. ಆಮೇಲೆ ಬೆಟ್ಟದ ಹಿಂದಿನ ಕಿಂಡಿಯಲ್ಲಿ ಟಾರ್ಚ್ ಬಿಟ್ಟರು. ಸುರಂಗದೊಳಗಿನ ಒಂದು ತುಂಡು ಹಳಿಯನ್ನು ಎರಡೂ ಕಡೆ ಇಕ್ಕಳದಿಂದ ಕಡಿದು ಬೇರೆ ಮಾಡಲಾಗಿತ್ತು. ಅದರ ಮೇಲೆ ಸುಟ್ಟ ಕಲೆಯಿತ್ತು. ಹಳಿಯಡಿ ಸಿಕ್ಕಿಕೊಂಡಿದ್ದ ಪುಟ್ಟ ಹಿತ್ತಾಳೆ ಚೂರೊಂದನ್ನು ಅವರು ಚಿಮಟದಲ್ಲಿ ಎತ್ತಿ ಕವರಿಗೆ ಹಾಕಿಕೊಂಡರು. ಕೊನೆಗೆ ಮೊಣಕಾಲೂರಿ, ಕೆನ್ನೆಯನ್ನು ಹಲಗೆಗೆ ಒತ್ತಿ, ರೈಲ್ವೆ ಗೇಟಿನ ಪಕ್ಕದ ಪುಟ್ಟ ಮನೆಯ ಬಳಿಯಿಂದ ಒಂದೇ ಕಣ್ಣಲ್ಲಿ ಸ್ಟೇಷನ್ ಕಡೆ ನೋಡಿದರು. ಆ ಮನೆಯ ಬಾಗಿಲಲ್ಲಿ ಬಾಡಿದ ಕನಕಾಂಬರದ ಹೂವೊಂದಿತ್ತು.

ಅಲ್ಲಿಂದ ಮುಳಬಾಗಿಲಿಗೆ. ಬಜಾರಿನ ಅಷ್ಟೂ ಅಂಗಡಿಗಳಲ್ಲಿ ಜನ, ಅಜ್ಮತುಲ್ಲಾ ಒಬ್ಬರೇ ನೊಣ ಹೊಡೆಯುತ್ತ ಕೂತಿದ್ದರು. ತಕ್ಕ ಶಾಸ್ತಿ ಎಂದು ಕದಿರೇಶನಿಗೆ ಒಳಗೊಳಗೇ ಖುಷಿಯಾಯಿತು.

"ಆ ಇಂಜಿನ್ ನಾನೇ ಕೊಟ್ಟಿದ್ದು ಮೇಡಂ, ಎಕ್ಸಿಬಿಷನ್ ಜಗಳಕ್ಕೆ ಮುಂಚೆ. ಪ್ರೆಸೆಂಟು," ಎಂದರು ಅವರು. "ಅವ್ನು ಕೆಳಗಡೆ ಷೋಕೇಸಲ್ಲಿ ಇಟ್ಬಿಟ್ಟ, ಹಳಿ ಮೇಲೆ ಇಡ್ಲೇ ಇಲ್ಲ. ಅದೇ ಸಿಟ್ಟು ನನಗೆ. ಆಮೇಲೆ ಆ ಮನೆ ಹೊಸಿಲು ತುಳಿದಿಲ್ಲ, ಖುದಾ ಕಸಂ."

"ಎರಡು ಸ್ಕೇಲಿಗೂ ಏನು ವ್ಯತ್ಯಾಸ?"

"ಎಂಬತ್ತೇಳು ಅಂದ್ರೆ ಅಸಲಿನಲ್ಲಿ ಎಂಬತ್ತೇಳನೇ ಒಂದು ಪಾಲು. ನಂದು ಎಪ್ಪತ್ತಾರನೇ ಒಂದು ಪಾಲು, ಸ್ವಲ್ಪ ದಪ್ಪ. ಹಳಿ ಮಾತ್ರ ಎರಡಕ್ಕೂ ಒಂದೇ. ನನ್ನ ಇಂಜಿನ್ ಅವ್ನ ಹಳಿ ಮೇಲೆ ಓಡುತ್ತೆ, ಅವ್ನ ಸುರಂಗದಲ್ಲಿ ತೂರಲ್ಲ."

ಮಾವಿನಹಣ್ಣನ್ನು ಹೆಚ್ಚು ಹೋಳು ಮಾಡಿದಷ್ಟೂ ಹೋಳು ಸಣ್ಣದು ಎಂಬುದು ಕದಿರೇಶನಿಗೆ ಆಗ ಹೊಳೆಯಿತು. ಹಾಗಾದರೆ ಸುನಂದಮ್ಮ ಹೇಳಿದ್ದು ತಲೆಕೆಳಗಲ್ಲ.

"ಅವರು ಎಂಬತ್ತೇಳೇ ಬೇಕು ಅಂತ ಯಾಕೆ ಜಿದ್ದು ಮಾಡಿದ್ರು?"

"ನನ್ನ ಸ್ಕೇಲಲ್ಲಿ ಸ್ಟೇಷನ್ನು ಆ ಹಲಗೆ ಮೇಲೆ ಹಿಡಿಸ್ತಿರ್ಲಿಲ್ಲ. ಶೆಡ್ಡು, ಗೇಟು, ಸಿಗ್ನಲ್ಲು ಎಲ್ಲ ಆ ಕಡೆ ಈ ಕಡೆ ಸರಿಸ್ಬೇಕಿತ್ತು. ಒಂದು ಕಲ್ಲೂ ಜಾಗ ಬಿಟ್ಟು ಕದಲಬಾರದು ಅಂತ ಅವ್ನು." ಅಜ್ಮತುಲ್ಲಾ ಮುಖ ಆ ಕಡೆ ತಿರುಗಿಸಿದರು. "ಮೂರು ವರ್ಷ ಜಗಳ ಆಡಿದೀನಿ. ಅಂಥ ದೋಸ್ತ್ ಇನ್ನೆಲ್ಲಿ ಸಿಕ್ತಾನೆ?"

ಹಿಂದಿರುಗುವಾಗ ಶಾಮಲಮ್ಮ ಬಂಡೆಕುಂಟೆಯಲ್ಲಿ ಕಾರು ನಿಲ್ಲಿಸಲು ಹೇಳಿದರು. ಅಲ್ಲೀಗ ಸ್ಟೇಷನ್ನೂ ಇಲ್ಲ, ಹಳಿಯೂ ಇಲ್ಲ. ಹಳೆಯ ಗೇಟಿದ್ದ ಜಾಗದಲ್ಲಿ ರಾಗಿ ಕೇರುತ್ತಿದ್ದ ಬೈರಮ್ಮ ಎಂಬ ಮುದುಕಿ ಕತೆ ಹೇಳಿದಳು. "ಗೇಟು ತೆಗೆದೇ ಇತ್ತು, ರೈಲು ಬಂದು ಎತ್ತಿನ ಗಾಡಿಗೆ ಹೊಡೀತು. ರೈಲು ಬರೋ ಸಿಗ್ನಲ್ ಬಿದ್ದಿತ್ತು, ಗೇಟಿನೋನು ನೋಡ್ಲಿಲ್ಲ ಅಂತ ಸ್ಟೇಷನ್ ಮಾಸ್ಟ್ರು ಬರೆದು ಕೊಟ್ರು. ಫೋನೇ ಬರ್ಲಿಲ್ಲ ಅಂತ ಅವ್ನು ಬಡ್ಕೊಂಡ್ರೂ ಯಾರೂ ಕೇಳ್ಲಿಲ್ಲ. ಕೆಲಸ ಹೋಯ್ತು, ನೇಣು ಹಾಕ್ಕೊಂಡ. ಹೆಣ ನೋಡಕ್ಕೆ ಒಡಹುಟ್ಟಿದ ತಂಗೀನೂ ಬರ್ಲಿಲ್ಲ ಕಣವ್ವ."

"ತಂಗಿ ಯಾರು?" ಎಂದು ಶಾಮಲಮ್ಮ ಬಗ್ಗಿ ಕೇಳಿದರು. ಮುದುಕಿಯ ಉತ್ತರ ಹೆದ್ದಾರಿಯ ಲಾರಿಯ ಸದ್ದಿನಲ್ಲಿ ಕದಿರೇಶನಿಗೆ ಕೇಳಿಸಲಿಲ್ಲ.

ಭಾನುವಾರ ಎಲ್ಲರೂ ಆ ಮಹಡಿಯ ಕೋಣೆಯಲ್ಲಿ ಸೇರಿದರು. ಸ್ಥಳೀಯ ಇನ್‌ಸ್ಪೆಕ್ಟರ್ ಒಲ್ಲದ ಮನಸ್ಸಿನಿಂದ ಬಂದಿದ್ದರು. ಅಜ್ಮತುಲ್ಲಾ ಒಳಗೆ ಬಂದಾಗ ರಮ್ಯ ಕುರ್ಚಿಯ ಕೈ ಹಿಡಿದು ಹಲ್ಲು ಕಡಿದಳು. ಇವತ್ತು ಬೇಡಿ ಬೀಳುವುದು ನೋಡಬಹುದು ಎಂದು ಕದಿರೇಶ ಬಾಗಿಲಿಗೆ ಅಡ್ಡ ನಿಂತ.

"ಇದು ಆಕಸ್ಮಿಕ ಅಲ್ಲ," ಎಂದು ಶಾಮಲಮ್ಮ ಶುರು ಮಾಡಿದರು. "ಈ ಹಳಿಗೆ ಬೇಕಾದ್ದು ಆಟಿಕೆಯಷ್ಟು ಕರೆಂಟು. ಟ್ರಾನ್ಸ್‌ಫಾರ್ಮರ್ ಕೆಟ್ಟು ಮನೆ ಕರೆಂಟು ಹರಿದಿದ್ರೆ ಇಂಜಿನ್ನಿನ ಮೋಟಾರು ಸುಟ್ಟು ಹೋಗ್ಬೇಕಿತ್ತು. ಅದು ಇವತ್ತೂ ಓಡ್ತಿದೆ. ಕರೆಂಟು ಕೊಟ್ಟಿದ್ದು ಸುರಂಗದೊಳಗಿನ ಕಡಿದಿಟ್ಟ ತುಂಡಿಗೆ ಮಾತ್ರ. ಇಂಜಿನ್ ಅಲ್ಲೀವರೆಗೆ ತಲುಪದೆ ಬಾಯಲ್ಲೇ ಸಿಕ್ಕಿಕೊಳ್ಬೇಕು, ಅದನ್ನ ಹೊರಗೆ ತಳ್ಳೋಕೆ ಶ್ರೀರಾಮಪ್ಪನವರು ಹಿಂದಿನ ಕಿಂಡಿಯಿಂದ ಕೈ ಹಾಕ್ಬೇಕು. ಲೆಕ್ಕ ಅದು. ಕೆಲಸ ಮುಗಿದ ಮೇಲೆ ವೈರನ್ನ ಎಳೆದುಕೊಂಡಿದಾರೆ. ಪೊಲೀಸರಿಗೆ ಸಿಗ್ಲಿಲ್ಲ."

ಇನ್‌ಸ್ಪೆಕ್ಟರ್ ನೆಟ್ಟಗೆ ಕೂತರು.

"ಹಾಗಾದ್ರೆ ಕೊಂದೋರಿಗೆ ಒಂದು ವಿಷಯ ಗೊತ್ತಿರ್ಬೇಕು. ಇಂಜಿನ್ ಈ ಹಳಿ ಮೇಲೆ ಓಡುತ್ತೆ, ಆದ್ರೆ ಈ ಸುರಂಗದಲ್ಲಿ ತೂರಲ್ಲ ಅನ್ನೋದು. ಅನಿಲ್‌ಗೆ ಸ್ಕೇಲ್ ಅಂದ್ರೆ ಹಳಿ ಅಗಲ. ಹಳಿ ಒಂದೇ ಆದ್ರೆ ರೈಲೂ ಒಂದೇ ಅಂತಾನೆ. ಅವನಿಗೆ ಈ ಉಪಾಯ ಹೊಳೆಯಲ್ಲ."

"ಅಜ್ಮತುಲ್ಲಾಗೆ ಗೊತ್ತಿತ್ತು," ಎಂದಳು ರಮ್ಯ.

"ಗೊತ್ತಿತ್ತು. ಆದ್ರೆ ಇಂಜಿನ್ ಇದ್ದಿದ್ದು ನಿಮ್ಮ ಮನೆ ಷೋಕೇಸಲ್ಲಿ. ಹಳಿ ಕಡಿದಿರೋದು ಇಕ್ಕಳದಲ್ಲಿ, ನಜ್ಜುಗುಜ್ಜಾಗಿದೆ. ಹಿತ್ತಾಳೆ ಕೆಲಸದೋರು ಗರಗಸ ಬಿಟ್ಟು ಇಕ್ಕಳ ಹಿಡಿಯಲ್ಲ, ವೈರಿಗೆ ಬೆಸುಗೆ ಬಿಟ್ಟು ಇದನ್ನ ಹಾಕಲ್ಲ." ಅವರು ಕವರಿನಿಂದ ಆ ಚೂರನ್ನು ಅಂಗೈಗೆ ಸುರಿದುಕೊಂಡರು. "ಲಗ್. ವೈರ್ ಎಳೆದಾಗ ಹಳಿಯಡಿ ಉಳಿದುಹೋಯ್ತು. ಅನಿಲ್ ಆಗಿದ್ರೆ ಟೇಪು ಸುತ್ತಿರ್ತಿದ್ದ. ಇಂಥದ್ದನ್ನ ಈ ಮನೆಯ ಮಿಕ್ಸಿ ವೈರಲ್ಲಿ ನೋಡ್ದೆ. ನಂಬರ್ ಚಿಕ್ಕದಾದ್ರೆ ಬಂಡಿ ದೊಡ್ಡದು ಅಂತ ನನಗೆ ಮೊದಲು ಹೇಳಿದ್ದೂ ಆ ಮಿಕ್ಸಿ ರಿಪೇರಿ ಮಾಡ್ತಿದ್ದೋರೇ."

ಗೋಡೆಗೊರಗಿ ನಿಂತಿದ್ದ ಸುನಂದಮ್ಮ ಸೆರಗು ಸರಿಪಡಿಸಿಕೊಂಡರು.

"ಅಮ್ಮಂಗೆ ಏನಿತ್ತು ಮೇಡಂ ಅಪ್ಪನ ಮೇಲೆ?" ರಮ್ಯಳ ದನಿ ಒಡೆದಿತ್ತು. "ಸುಳ್ಳು ಹೇಳ್ತಿದೀರ."

"ಬಗ್ಗಿ ಗೇಟ್‌ಮನೆ ಹತ್ತಿರ ಕಣ್ಣಿಡು. ಸಿಗ್ನಲ್ ಕಾಣುತ್ತಾ ಹೇಳು."

ರಮ್ಯ ಕೆನ್ನೆಯನ್ನು ಹಲಗೆಗೆ ಒತ್ತಿದಳು. "ಇಲ್ಲ. ಶೆಡ್ಡಿನ ಗೋಡೆ ಅಡ್ಡ ಬರುತ್ತೆ."

"ನಿಮ್ಮಪ್ಪ ಗೇಟಿಗೆ ಫೋನ್ ಮಾಡೋದು ಮರೆತು ಸಿಗ್ನಲ್ ಕೊಟ್ರು. ಗಾಡಿ ರೈಲಿಗೆ ಸಿಕ್ಕಿದ ಮೇಲೆ, ಗೇಟಿಂದ ಸಿಗ್ನಲ್ ಕಾಣುತ್ತೆ, ಗೇಟ್‌ಮ್ಯಾನ್ ನೋಡ್ಲಿಲ್ಲ ಅಂತ ಬರೆದು ಕೊಟ್ರು. ಆ ಗೇಟ್‌ಮ್ಯಾನ್ ನೇಣು ಹಾಕ್ಕೊಂಡ. ಅವನು ನಿಮ್ಮಮ್ಮನ ಅಣ್ಣ."

ಸುನಂದಮ್ಮನ ದನಿಯಲ್ಲಿ ನಡುಕವಿರಲಿಲ್ಲ. "ಕುಡಿದು ಮಲಗಿದ್ದ, ಎರಡು ಜೀವ ತೆಗೆದ ಅಂದ್ರು ಇವ್ರು. ನಂಬಿದೆ. ಅಣ್ಣ ಬಾಗಿಲಿಗೆ ಬಂದಾಗ ತೆಗೀಲಿಲ್ಲ. ಸತ್ತಾಗ ಬಾಯಿಗೆ ಅಕ್ಕಿ ಹಾಕಕ್ಕೆ ಹೋಗ್ಲಿಲ್ಲ. ಹೋದ ತಿಂಗಳು ಇಲ್ಲಿ ಚಮಚ ಬಿತ್ತು, ಎತ್ತಿಕೊಳ್ಳಕ್ಕೆ ಬಗ್ಗಿದೆ, ಗೇಟ್‌ಮನೆಯಿಂದ ಸಿಗ್ನಲ್ಲೇ ಕಾಣಲ್ಲ ಅಂತ ಗೊತ್ತಾಯ್ತು. ಕೇಳ್ದೆ. 'ಹೌದು, ಆಗ ನನ್ನ ಕೆಲಸ ಹೋಗ್ತಿತ್ತು. ಹೋದೋನು ಹೋದ, ಈಗ್ಯಾಕೆ' ಅಂದ್ಬಿಟ್ಟು ಶೆಡ್ಡಿಗೆ ಹೆಂಚು ಅಂಟಿಸ್ತಾ ಕೂತ್ರು. ತಲೆ ಕೂಡ ಎತ್ಲಿಲ್ಲ. ಅವ್ರು ಕಿಂಡೀಲಿ ಕೈ ಹಾಕೋವರೆಗೂ ಕಾದು ಸ್ವಿಚ್ ಹಾಕಿದ್ದು ನಾನೇ. ಬೇಜಾರಿಲ್ಲ."

"ನನ್ನ ಇಂಜಿನ್ ಯಾಕೆ ಭಾಭಿ?" ಎಂದು ಅಜ್ಮತುಲ್ಲಾ ಮೆಲ್ಲಗೆ ಕೇಳಿದರು.

"ಅದೊಂದೇ ಅಲ್ಲಿ ಸಿಕ್ಕಿಕೊಳ್ತಿತ್ತು. ನಿಮ್ಮ ತಲೆ ಮೇಲೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬಂದಾಗ ಬಾಯಿ ಬಿಡ್ಲಿಲ್ಲ ನೋಡಿ, ಅದೊಂದು ತಪ್ಪು ಮಾ‌ಡ್ದೆ."

ಬೇಡಿ ನೋಡಲೆಂದು ಬಂದಿದ್ದ ಕದಿರೇಶನಿಗೆ ಈಗ ಎಲ್ಲಾದರೂ ಎದ್ದು ಹೋಗೋಣ ಅನ್ನಿಸಿತು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಇನ್‌ಸ್ಪೆಕ್ಟರ್ ಕಾಗದ ಮುಂದಿಟ್ಟರು. ರಮ್ಯ ತಾಯಿಯ ಕಡೆ ಒಮ್ಮೆ ತಿರುಗಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಹಲಗೆಯ ಅಂಚಿನಲ್ಲಿ ಕಾಗದವಿಟ್ಟು ಬರೆಯತೊಡಗಿದಳು. ಸುನಂದಮ್ಮ ಹತ್ತಿರ ಬಂದು ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ತಡೆಯಲಿಲ್ಲ.

"ನನ್ನ ಹೆಸರು ಬರೆದ್ಯಾ? ಸರಿ. ನಿಮ್ಮಪ್ಪಂದೂ ಬರೆದಿದೀಯ. ನಿಮ್ಮ ಮಾಮಂದೂ ಬರಿ. ಅವನು ಸತ್ತಿದ್ದೂ ಇದರಲ್ಲಿ ಬರಬೇಕು."

ರಮ್ಯಳ ಪೆನ್ನು ನಿಂತಿತು. ತನಗೊಬ್ಬ ಸೋದರಮಾಮನಿದ್ದ ಎಂಬುದೇ ಅವಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

"ಮಾಮನ ಹೆಸರೇನಮ್ಮ?"

ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಸುನಂದಮ್ಮನ ತುಟಿ ಅದುರಿತು. ಆ ಮನೆಯಲ್ಲಿ ಆ ಹೆಸರನ್ನು ಅವರು ಒಮ್ಮೆಯೂ ಆಡಿರಲಿಲ್ಲ.

"ಪಿಳ್ಳಪ್ಪ," ಎಂದರು ಕೊನೆಗೆ. "ಪಿಳ್ಳಪ್ಪಣ್ಣ." ಅಷ್ಟು ಹೇಳಿ ಅಲ್ಲೇ ನೆಲಕ್ಕೆ ಕುಸಿದು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು.

ರಮ್ಯ ಅದನ್ನೂ ಬರೆದಳು.