ಎರಡು ಬೆರಳಿನ ಕಾಲರ್

"ಬಿಡ್ರೀ ಅವರನ್ನ! ಪೊಲೀಸರನ್ನ ಕರೀತೀನಿ!"

ಕನ್ನಡಕದಂಗಡಿಯವನು ಬಾಗಿಲಲ್ಲಿ ನಿಂತು ಕೂಗಿದಾಗ ಜೂಡೋ ಹಾಲಿನಲ್ಲಿದ್ದವರೆಲ್ಲ ತಬ್ಬಿಬ್ಬಾದರು. ಅವನು ಬಂದದ್ದು ದೂರು ಹೇಳಲು. ಮೇಲಿನ ಮಹಡಿಯಲ್ಲಿ ಯಾರಾದರೂ ಧೊಪ್ಪೆಂದು ಬಿದ್ದಾಗಲೆಲ್ಲ ಕೆಳಗೆ ಅವನ ಅಂಗಡಿಯ ಫ್ರೇಮುಗಳು ಸಾಲಾಗಿ ಕುಣಿಯುತ್ತಿದ್ದವು. ಬಾಗಿಲು ತೆಗೆದರೆ, ಬೀರುವಿನಷ್ಟು ದೊಡ್ಡ ಗಂಡಸೊಬ್ಬ ಒಬ್ಬ ಹೆಂಗಸಿನ ಕಾಲರ್ ಹಿಡಿದು ನೆಲಕ್ಕೆ ಒತ್ತಿದ್ದ.

ಕೆಳಗಿದ್ದವಳು ಕತ್ತು ಹೊರಳಿಸಿ ನೋಡಿದಳು. "ಒಂದ್ನಿಮಿಷ ಇರಿ," ಎಂದಳು, ಗಿರಾಕಿಗೆ ಹೇಳುವ ಹಾಗೆ. ಸೊಂಟ ತಿರುಗಿಸಿದಳು. ಬೀರು ಪಲ್ಟಿ ಹೊಡೆಯಿತು.

"ಹೂಂ, ಈಗ ಹೇಳಿ. ಯಾರನ್ನ ಬಿಡಬೇಕು?"

ಹಾಲಿನಲ್ಲಿದ್ದವರೆಲ್ಲ ನಕ್ಕರು. ಅಂಗಡಿಯವನ ಕಿವಿ ಕೆಂಪಾಯಿತು. ಎಲ್ಲರ ನಗು ನಿಂತ ಮೇಲೂ ಅವಳ ತುಟಿಯ ಅಂಚಿನಲ್ಲಿ ಉಳಿದಿದ್ದ ಚೂರು ನಗುವನ್ನು ಅವನು ಹೊತ್ತುಕೊಂಡೇ ಮೆಟ್ಟಿಲಿಳಿದ. ದೂರು ಮರೆತೇ ಹೋಗಿತ್ತು.

ಅವಳು ಸಿಟಿ ಬಸ್ಸಿನ ಡ್ರೈವರ್. ಶಾಲೆಯ ದಿನಗಳಿಂದ ಜೂಡೋ ಕಲಿತವಳು. ಕೆಲವು ದಿನ ಕಳೆದು, ಲೈಸೆನ್ಸಿಗಾಗಿ ಕಣ್ಣು ಪರೀಕ್ಷೆ ಮಾಡಿಸಲು ಅವನ ಅಂಗಡಿಗೇ ಬಂದಳು. ಮಬ್ಬು ಕೋಣೆಯಲ್ಲಿ ಪುಟ್ಟ ಟಾರ್ಚು ಹಿಡಿದು ಅವನು ಹತ್ತಿರ ಬಾಗಿದ. ಅವಳ ರೆಪ್ಪೆ ಅಲುಗಲಿಲ್ಲ.

"ಕಣ್ಣು ಮಿಟುಕಿಸಬಹುದು," ಎಂದ.

"ನೀವು ಉಸಿರಾಡಬಹುದು," ಎಂದಳು.

ಆಮೇಲೆ ಸಂಜೆಗಳಲ್ಲಿ ಅಂಗಡಿಯ ಮುಂದೆ ನಿಂತು ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು. ಬಂಡೆ ಎನ್ನುವವನೊಬ್ಬ ಇಲ್ಲದಿದ್ದರೆ ಎಲ್ಲವೂ ಸರಿಯಿತ್ತು. ಆ ಬೀರುವಿನಂಥ ಗಂಡಸನ್ನು ಎಲ್ಲರೂ ಕರೆಯುತ್ತಿದ್ದದ್ದೇ ಬಂಡೆ ಎಂದು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಮೀಸೆ ಮೂಡುವ ಮೊದಲಿನಿಂದ ಅಭ್ಯಾಸದಲ್ಲಿ ಅವಳ ಜೋಡಿ.

"ಅವನ ಎಡ ಮೊಣಕಾಲು ಮೋಡ ಕಟ್ಟಿದ್ರೆ ನೋಯುತ್ತೆ," ಎನ್ನುವಳು.

"ಇವಳಿಗೆ ಸಿಟ್ಟು ಬಂದ್ರೆ ಮೊದಲು ಬಲಹೆಗಲು ಏಳುತ್ತೆ, ಹುಷಾರು," ಎನ್ನುವನು ಬಂಡೆ.

ಇಷ್ಟೂ ಸಾಲದೆಂಬಂತೆ, ಮೆಟ್ಟಿಲು ಹತ್ತುವ ಮುಂಚೆ ಅವಳು ಬಂಡೆಯ ಮುದುರಿದ ಕಾಲರನ್ನು ಎರಡು ಬೆರಳಲ್ಲಿ ನೆಟ್ಟಗೆ ಮಾಡುತ್ತಿದ್ದಳು, ಅವನ ಮುಖವನ್ನೂ ನೋಡದೆ. ಆ ಎರಡು ಬೆರಳು ಕನ್ನಡಕದಂಗಡಿಯವನ ಊಟ, ನಿದ್ದೆ ಎರಡನ್ನೂ ನುಂಗಿದವು.

"ಆ ಲೆನ್ಸನ್ನ ಒರೆಸಿ ಒರೆಸಿ ತೂತು ಮಾಡ್ತೀಯೇನೋ?" ಎಂದಳು ಅಂಗಡಿಯಲ್ಲಿ ಜೊತೆಗಿದ್ದ ಅಕ್ಕ. "ಹೊಟ್ಟೆಕಿಚ್ಚಿಗೆ ಕನ್ನಡಕದ ನಂಬರ್ ಇಲ್ಲ ಕಣೋ. ಹೋಗಿ ಅವಳನ್ನೇ ಕೇಳು."

"ಯಾರಿಗೆ ಹೊಟ್ಟೆಕಿಚ್ಚು?"

"ನಂಗೆ! ಬಂಡೆಯಂಥ ತಮ್ಮ ಹುಟ್ಟಲಿಲ್ವಲ್ಲ ಅಂತ."

ಅವನು ಕೇಳಲಿಲ್ಲ. ಜೂಡೋ ತರಗತಿಗೆ ಸೇರಿಕೊಂಡ. ಚಳಿಗಾಲ ಪೂರ್ತಿ ಅವನಿಗೆ ಕಲಿಸಿದ್ದು ಬೀಳುವುದನ್ನು: ಗಲ್ಲ ಎದೆಗೆ, ಅಂಗೈ ನೆಲಕ್ಕೆ, ಉಸಿರು ಹೊರಗೆ. ಬೀಳುತ್ತ ಬೀಳುತ್ತ ಓರೆಗಣ್ಣಿನಲ್ಲಿ ಅವರಿಬ್ಬರನ್ನೇ ನೋಡುತ್ತಿದ್ದ. ಅವಳ ಪಾದ ಸರಿಯುವ ಮೊದಲೇ ಬಂಡೆಯ ಭುಜಕ್ಕೆ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಆಡದ ಆ ಮಾತಿನಲ್ಲಿ ತನಗೆ ಒಂದಕ್ಷರವೂ ಬಾರದು ಎಂದುಕೊಳ್ಳುತ್ತ ಮತ್ತೆ ಬೀಳುತ್ತಿದ್ದ.

ಒಂದು ಸಂಜೆ ಅವಳ ಡ್ಯೂಟಿ ತಡವಾಯಿತು. ಹಾಲಿನಲ್ಲಿ ಬಂಡೆ ಜೋಡಿಯಿಲ್ಲದೆ ಒಬ್ಬನೇ ನಿಂತಿದ್ದ.

"ಇವತ್ತು ನನ್ನ ಜೊತೆ ಅಭ್ಯಾಸ ಮಾಡಿ, ಬನ್ನಿ," ಎಂದ ಕನ್ನಡಕದಂಗಡಿಯವನು.

ಸಿಟ್ಟಿನಿಂದ ನುಗ್ಗಿದ, ಬಿದ್ದ. ಎದ್ದು ಮತ್ತೆ ನುಗ್ಗಿದ, ಮತ್ತೆ ಬಿದ್ದ. ಪ್ರತಿ ಸಲವೂ ಬಂಡೆ ಅವನ ತೋಳು ಬಿಡದೆ ಮೇಲಕ್ಕೆಳೆದು, ತಲೆ ನೆಲಕ್ಕೆ ತಾಗದಂತೆ ಕಾಯುತ್ತಿದ್ದ. ಅದು ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

"ಕರುಣೆ ಬೇಡ ನಂಗೆ. ಅವರನ್ನ ಹ್ಯಾಗೆ ಬೀಳಿಸ್ತೀರೋ ಹಾಗೇ ಬೀಳಿಸಿ."

"ಅವಳನ್ನೂ ಹೀಗೇ ಬೀಳಿಸೋದು. ಅವಳು ನನ್ನನ್ನೂ ಹೀಗೇ. ಇಲ್ದಿದ್ರೆ ಇಷ್ಟು ವರ್ಷ ಇಬ್ಬರ ಮೂಳೆ ಉಳೀತಿತ್ತಾ?"

"ಇಷ್ಟು ವರ್ಷ ಅವರನ್ನ ಹಿಡ್ಕೊಂಡು ನಿಮಗೇನೂ ಅನಿಸಲೇ ಇಲ್ವಾ?" ಬಾಯಿ ಜಾರಿಬಿಟ್ಟಿತು.

ಬಂಡೆ ಸಡಿಲವಾದ ಬೆಲ್ಟನ್ನು ನಿಧಾನವಾಗಿ ಬಿಗಿದುಕೊಂಡ.

"ಅನಿಸಿತ್ತು. ಕೇಳಿಯೂ ಕೇಳಿದೆ. ಬೇಡ ಅಂದ್ಲು."

"ಆಮೇಲೆ?"

"ಆಮೇಲೇನು, ಮಾರನೇ ದಿನ ಅಭ್ಯಾಸಕ್ಕೆ ಬಂದೆ. ಅವಳೂ ಬಂದ್ಲು. ನನ್ನ ಎತ್ತಿ ಹಾಕಿ, ಎಂದಿನ ಹಾಗೇ ತೋಳು ಬಿಡದೆ ಹಿಡ್ಕೊಂಡ್ಲು." ಅವನು ನಕ್ಕ. ಆ ನಗುವಿನಲ್ಲಿ ಹಳೆಯ ನೋವು ಚೂರು ಇತ್ತು, ಕಹಿ ಇರಲಿಲ್ಲ. "ಬೀಳೋದನ್ನ ಅಷ್ಟು ವರ್ಷ ಕಲಿತಿದ್ದೆ. ನಿಜವಾಗಿ ಬಿದ್ದಾಗ ಕೈಹಿಡೀತು."

ಕನ್ನಡಕದಂಗಡಿಯವನಿಗೆ ಮುಖ ಎತ್ತಲಾಗಲಿಲ್ಲ. ಎತ್ತಿದಾಗ ಬಾಗಿಲಲ್ಲಿ ಅವಳಿದ್ದಳು, ಯೂನಿಫಾರ್ಮಿನಲ್ಲೇ. ಬಲಹೆಗಲು ಮೇಲೆದ್ದಿತ್ತು.

"ನನ್ನ ವಿಷಯ ನನ್ನನ್ನ ಕೇಳಬೇಕಿತ್ತು," ಎಂದಳು. "ಗೆದ್ದವರಿಗೆ ಕೊಡೋಕೆ ನಾನೇನು ಟ್ರೋಫಿನಾ?"

ಬಂದ ದಾರಿಯಲ್ಲೇ ಇಳಿದು ಹೋದಳು.

ಮರುದಿನ ಮಧ್ಯಾಹ್ನ ಅವನು ಅಂಗಡಿಯನ್ನು ಅಕ್ಕನಿಗೆ ಒಪ್ಪಿಸಿ ಅವಳ ಬಸ್ಸಿನ ಕೊನೆಯ ಸ್ಟಾಪಿಗೆ ಹೋದ. ಖಾಲಿ ಬಸ್ಸಿನಲ್ಲಿ ಅವಳು ಒಬ್ಬಳೇ ಕೂತು ಬನ್ನು ತಿನ್ನುತ್ತಿದ್ದಳು.

"ಬೆಳಿಗ್ಗೆ ಬಂಡೆ ಹತ್ರ ಹೋಗಿ ತಪ್ಪಾಯ್ತು ಅಂದೆ. ಈಗ ನಿಮ್ಮ ಹತ್ರ ಬಂದಿದೀನಿ."

ಅವಳು ಬಾಯಲ್ಲಿದ್ದ ತುತ್ತನ್ನು ಮುಗಿಸಿದಳು. "ನಾನು ಮೊದಲು ಬಲು ಪುಕ್ಕಲು. ಯಾರಾದ್ರೂ ದನಿ ಎತ್ತಿದ್ರೆ ಅಳು ಬರ್ತಿತ್ತು. ಈಗ ಬಸ್ಸಲ್ಲಿ ಕುಡುಕನೊಬ್ಬ ಮೈಮೇಲೆ ಏರಿ ಬಂದ್ರೂ ಮಾತಾಡಿಸಿ ಮೆಲ್ಲಗೆ ಇಳಿಸ್ತೀನಿ. ಒಬ್ಬರ ಮೇಲೂ ಕೈ ಮಾಡಿಲ್ಲ, ಗೊತ್ತಾ? ಇದನ್ನ ನಾನೊಬ್ಬಳೇ ಗಳಿಸಲಿಲ್ಲ. ಆ ಜೂಡೋ ಹಾಲ್, ಆ ಬಂಡೆ, ಎಲ್ಲ ಸೇರಿ ಕೊಟ್ಟಿದ್ದು. ಅದನ್ನ ಬಿಡು ಅಂತ ಯಾರೂ ನನಗೆ ಹೇಳೋ ಹಾಗಿಲ್ಲ."

"ಹೇಳಲ್ಲ."

"ಹೊಟ್ಟೆಕಿಚ್ಚು ಹೋಯ್ತಾ?"

ಹೋಯಿತು ಎನ್ನಬೇಕೆನಿಸಿತು. ನಾಲಿಗೆ ಒಪ್ಪಲಿಲ್ಲ. "ಇಲ್ಲ. ಇನ್ನೂ ಉರೀತಿದೆ. ಆದ್ರೆ ಅದು ನನ್ನ ಕಾಯಿಲೆ, ನಾನೇ ನೋಡ್ಕೋತೀನಿ. ನನಗೆ ನೀವು ಬೇಕು. ಬೇಡ ಅಂದ್ರೂ ಸರಿ, ನಾಳೆ ಅಭ್ಯಾಸಕ್ಕೆ ಬರ್ತೀನಿ."

ಅವಳು ಉಳಿದ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟಳು. ಕೆನ್ನೆಗೆ ಮೆಲ್ಲಗೆ ಬಣ್ಣ ಏರಿತು.

"ಬೇಡ ಅಂತ ಯಾರಂದ್ರು?" ಎಂದಳು.

ಹೊರಗಿನಿಂದ ಅಜ್ಜಿಯೊಬ್ಬಳು ಬಾಗಿಲು ತಟ್ಟಿದಳು. "ಏನಮ್ಮಾ, ಬಸ್ಸು ಹೊರಡುತ್ತೋ, ಮಾತಲ್ಲೇ ಹೊತ್ತು ಹೋಗುತ್ತೋ?"

"ಹೊರಡುತ್ತೆ ಅಜ್ಜಿ, ಹತ್ತಿ."

ಅವನು ಮುಂದಿನ ಸೀಟಿನಲ್ಲಿ ಕೂತ. ಪ್ರತಿ ಸ್ಟಾಪಿನಲ್ಲೂ ಮೇಲಿನ ಕನ್ನಡಿಯಲ್ಲಿ ಅವಳ ಕಣ್ಣು ಜನರ ನಡುವೆ ಅವನನ್ನು ಹುಡುಕಿ, ಮುಟ್ಟಿ, ನಾಚಿ ರಸ್ತೆಗೆ ಮರಳುತ್ತಿತ್ತು. ಅವನು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಅವನು ಏಳಲಿಲ್ಲ, ಇಳೀರಿ ಎಂದು ಅವಳೂ ಹೇಳಲಿಲ್ಲ.