ಗೋಲುಗೆರೆಯ ಮೇಲಿನ ಸುಣ್ಣ

ಬೆಳಗ್ಗೆ ಏಳೂವರೆಗೆ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಏದುಸಿರು ಬಿಡುತ್ತಾ ಠಾಣೆಯ ಮೆಟ್ಟಿಲು ಹತ್ತಿ ಬಂದ.

"ನಮ್ಮ ಮೈದಾನಕ್ಕೆ ಯಾರೋ ಮಾಟ ಮಾಡಿಸಿದಾರೆ ಸರ್."

"ಮಾಟ ಅಂತ ದೂರು ಬರ್ಕೊಳ್ಳೋಕಾಗಲ್ಲ," ಎಂದರು ಇನ್ಸ್‌ಪೆಕ್ಟರು. "ಕಣ್ಣಿಗೆ ಕಂಡದ್ದು ಹೇಳಿ."

"ಉತ್ತರದ ಗೋಲಿನ ಹತ್ರ ಹೊಸ ಹುಲ್ಲುಹಾಸು ಕುಯ್ದಿದಾರೆ. ಕುಯ್ದು ಮತ್ತೆ ಅಂಟಿಸಿ ಹೋಗಿದಾರೆ. ಒಳಗೆ ಏನಿಟ್ಟಿದಾರೋ! ನಾಡಿದ್ದು ಉದ್ಘಾಟನೆ ಪಂದ್ಯ. ಬಾಂಬಿದ್ರೆ?"

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಮೀಸೆಯಲ್ಲೇ ನಕ್ಕ. "ಬಾಂಬಿಡೋನು ಅಂಟು ಹಚ್ಚಿ, ಒಪ್ಪ ಮಾಡಿ ಹೋಗ್ತಾನಾ ಸ್ವಾಮಿ?"

ಅಕ್ರಮ ಪ್ರವೇಶ, ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಬಾಂಬ್ ಪತ್ತೆ ದಳದ ನಾಯಿ ಮೈದಾನಕ್ಕೆ ಬಂದು, ಮೂಸಿ, ಆಕಳಿಸಿ ಹೋಯಿತು.

ಆ ಕ್ಲಬ್ಬು ಹುಟ್ಟಿದ್ದು ಬಟ್ಟೆ ಗಿರಣಿಯ ಅಂಗಳದಲ್ಲಿ. ಪಾಳಿ ಮುಗಿಸಿದ ಕೆಲಸಗಾರರು ಕೆಂಪು ಅಂಗಿ ತೊಟ್ಟು ಆಡುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಸಿಮೆಂಟ್ ಕಂಪನಿಯೊಂದು ಕ್ಲಬ್ಬನ್ನು ಕೊಂಡಿತು. ಅಂಗಿ ಬೂದಾಯಿತು, ಆಡುವವರು ಸಂಬಳದವರಾದರು. ಅದೂ ಕೈಬಿಟ್ಟಾಗ ಗೋಡೆಗೆ ಬಳಿಯುವ ಬಣ್ಣ ಮಾಡುವ ಕಂಪನಿ ಬಂತು. ಈಗ ಅಂಗಿಯ ಮೇಲೆ ಏಳು ಬಣ್ಣ, ಕ್ಲಬ್ಬಿಗೆ ಹೊಸ ಹೆಸರು. ಬಾಗಿಲ ಬಳಿಯ ಗೋಡೆಯ ಮೇಲೆ ‘ನಮ್ಮ ಚರಿತ್ರೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಆ ಚರಿತ್ರೆ ಬಣ್ಣದ ಕಂಪನಿ ದುಡ್ಡು ಕೊಟ್ಟ ದಿನದಿಂದ ಶುರುವಾಗುತ್ತಿತ್ತು.

ಇನ್ಸ್‌ಪೆಕ್ಟರು ಆ ಗೋಡೆಯನ್ನು ತಲೆ ತಗ್ಗಿಸಿ ದಾಟಿದರು. ಕೆಂಪು ಅಂಗಿಯ ಕಾಲದ ಕೊನೆಯ ಗೋಲ್‌ಕೀಪರು ಅವರ ಸ್ವಂತ ಅಣ್ಣ. ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ತೀರಿಹೋದ. ಕ್ಲಬ್ಬಿನಲ್ಲಿ ಒಂದು ವಾಡಿಕೆಯಿತ್ತು: ಆಡಿದವನು ತೀರಿಕೊಂಡರೆ, ಮನೆಯವರು ಒಪ್ಪಿದರೆ, ಅವನ ಚಿತಾಭಸ್ಮದ ಒಂದು ಹಿಡಿಯನ್ನು ಅವನು ನಿಂತು ಆಡಿದ ಜಾಗದಲ್ಲಿ ಹೂಳುವುದು. ಅಣ್ಣನ ಪಾಲು ಉತ್ತರದ ಗೋಲುಗೆರೆಯ ಕೆಳಗಿತ್ತು. ಪ್ರತಿವರ್ಷ ಅವನು ಹೋದ ದಿನ ತಾಯಿ ಅಲ್ಲಿಗೆ ಹೂವು ಒಯ್ಯುತ್ತಿದ್ದರು.

ಈ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಲೆಂದು ಕಂಪನಿ ಮೈದಾನವನ್ನೆಲ್ಲ ಮೊಣಕಾಲಾಳ ಅಗೆಸಿತು. ಹಳೆಯ ಅಭಿಮಾನಿಗಳು ಗಲಾಟೆ ಮಾಡಿಯಾರೆಂದು ಬಂದೋಬಸ್ತು ಕೇಳಿತು. ಆ ದಿನ ನಿಂತವರು ಇದೇ ಇನ್ಸ್‌ಪೆಕ್ಟರು. ಮಣ್ಣಿನ ಲಾರಿಗಳು ಹೊರಡುವಾಗ ಅವರು ಬೆನ್ನು ತಿರುಗಿಸಿ, ರಸ್ತೆಯ ವಾಹನ ತಡೆದು ದಾರಿ ಮಾಡಿಕೊಟ್ಟರು. ಮನೆಗೆ ಹೋಗಿ ತಾಯಿಗೆ ಒಂದು ಮಾತೂ ಹೇಳಲಿಲ್ಲ. ಅಣ್ಣನ ದಿನ ಬಂದಾಗ, "ಮೈದಾನಕ್ಕೆ ಕರ್ಕೊಂಡು ಹೋಗೋ," ಎಂದು ತಾಯಿ ಕೇಳಿದರೆ, "ಮುಂದಿನ ವಾರ ಅಮ್ಮ," ಎಂದು ಜಾರಿಕೊಂಡರು. ತಾಯಿ ಮತ್ತೆ ಕೇಳಿರಲಿಲ್ಲ.

ಹತ್ತು ಗಂಟೆಗೆ ಪಂಚನಾಮೆ ಶುರುವಾಯಿತು. ಎದುರಿನ ಚಹಾದಂಗಡಿಯವನೂ ಸೈಕಲ್ ರಿಪೇರಿಯವನೂ ಪಂಚರು. ಹಾಸನ್ನು ಎತ್ತುವ ಮುನ್ನ ಹೆಡ್ ಕಾನ್‌ಸ್ಟೆಬಲ್ ಮಂಡಿಯೂರಿ ಬಿಳಿಗೆರೆಯನ್ನು ಬೆರಳಿನಿಂದ ಉಜ್ಜಿದ. ಬೆರಳು ಬೆಳ್ಳಗಾಯಿತು.

"ಸರ್, ಇಲ್ನೋಡಿ. ಗೆರೆ ಹುಲ್ಲಲ್ಲೇ ನೇಯ್ದು ಬಂದಿದೆ. ಆದ್ರೆ ಕುಯ್ದ ಕಡೆ ಮಾತ್ರ ಯಾರೋ ಸುಣ್ಣದಪುಡಿ ಎಳೆದಿದಾರೆ. ದಾರ ಹಿಡಿದು ಎಳೆದಂಗಿದೆ."

ಇನ್ಸ್‌ಪೆಕ್ಟರು ಆ ಗೆರೆಯನ್ನು ನೋಡಿದರು. ಅಂಥ ಗೆರೆ ಎಳೆಯುವ ಕೈ ಊರಿನಲ್ಲಿ ಒಂದೇ ಇತ್ತು. ಆ ಮಾತನ್ನು ಬಾಯಿಗೆ ತರದೆ, "ಎತ್ರಿ," ಎಂದರು.

ಹಾಸಿನ ಕೆಳಗೆ ಜಲ್ಲಿ. ಜಲ್ಲಿ ಸರಿಸಿದರೆ ಮುಚ್ಚಳ ಬಿಗಿಯಾದ ಒಂದು ಸ್ಟೀಲಿನ ಊಟದ ಡಬ್ಬಿ. ಒಳಗೆ ಕರಿಮಣ್ಣು.

"ನಾವು ಹಾಕಿಸಿದ್ದು ಬರೀ ಜಲ್ಲಿ, ಮರಳು," ಎಂದ ಮ್ಯಾನೇಜರ್, ಎರಡು ಹೆಜ್ಜೆ ಹಿಂದೆ ಸರಿದು. "ನಾನು ಹೇಳ್ಲಿಲ್ವಾ ಮಾಟ ಅಂತ?"

ಆ ಮಣ್ಣು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ತಾಯಿ ಅಣ್ಣನ ಅಂಗಿ ಒಗೆದಾಗ ಬಕೆಟ್ಟಿನ ತಳದಲ್ಲಿ ಉಳಿಯುತ್ತಿದ್ದ ಮಣ್ಣು ಅದು. ಆದರೂ ಅವರ ಬಾಯಿಂದ ಬಂದದ್ದು ಇಷ್ಟೇ: "ಸೀಲ್ ಹಾಕ್ರಿ."

ಅರಗು ಕರಗಿಸಿ ಸೀಲು ಒತ್ತಿದರು. ಡಬ್ಬಿ ಸಾಕ್ಷ್ಯದ ಮುದ್ದೆಮಾಲಾಗಿ ಠಾಣೆಯ ಉಗ್ರಾಣ ಸೇರಿ, ಜಪ್ತಿಯಾದ ಸಾರಾಯಿ ಬಾಟಲಿಗಳಿಗೂ ಒಂದು ಮಚ್ಚಿಗೂ ನಡುವೆ ಕೂತಿತು.

ಮಧ್ಯಾಹ್ನ ಇಬ್ಬರೂ ‘ಗೆರೆ ಮಾವ’ನ ಮನೆಗೆ ಹೋದರು. ಗಿರಣಿಯ ಕಾಲದಿಂದ ಮೈದಾನ ನೋಡಿಕೊಂಡಿದ್ದವನು, ಹುಲ್ಲು ಬದಲಾದ ಮೇಲೆ ಮನೆಗೆ ಕಳಿಸಲ್ಪಟ್ಟವನು. ಬಾಗಿಲ ಹಿಂದೆ ಸುಣ್ಣದ ಚೀಲವಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಿರಲಿಲ್ಲ.

"ನಿನ್ನೆ ಎಲ್ಲಿದ್ರಿ?" ಇನ್ಸ್‌ಪೆಕ್ಟರು ಕೇಳಿದರು.

"ಮೈದಾನದಲ್ಲಿ."

ಸುಳ್ಳು ಕೇಳಲು ಸಿದ್ಧನಾಗಿ ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಹಿಡಿದು ಪಿಳಿಪಿಳಿ ನೋಡಿದ.

"ಒಳಗೆ ಹೆಂಗೆ ಹೋದ್ರಿ?"

"ಗೇಟಿಂದಾನೇ. ನೀರಿನ ಪೈಪ್ ನೋಡೋಕೆ ಕರೆದಿದಾರೆ ಅಂದೆ. ಕಾವಲಿನವನು ಸಲಾಮ್ ಹೊಡ್ದು ಬಿಟ್ಟ."

"ಸುಣ್ಣ ಯಾಕೆ ಎಳೆದ್ರಿ? ಅದಿಲ್ದಿದ್ರೆ ನಿಮ್ಮ ತನಕ ಬರೋದಕ್ಕೆ ನಮಗೆ ದಾರೀನೇ ಇರ್ಲಿಲ್ಲ."

"ಅಂಟಿಸಿದಾಗ ಗೆರೆ ಬೆರಳಗಲ ಬಿಟ್ಕೊಂತು ಸಾಹೇಬ್ರೆ. ಹರಿದ ಗೆರೆ ಬಿಟ್ಟು ಬರೋಕೆ ಕಾಲೇ ಏಳಲಿಲ್ಲ."

"ಡಬ್ಬೀಲಿರೋದು ಏನು?"

ಮುದುಕ ಹೆಡ್ ಕಾನ್‌ಸ್ಟೆಬಲನ ಕಡೆ ನೋಡಿದ. "ಇವರನ್ನ ಒಂದು ಗಳಿಗೆ ಹೊರಗೆ ಕಳಿಸ್ತೀರಾ?"

"ಇಲ್ಲ. ಹೇಳಿ."

"ಅಗೆಯೋಕೆ ಮುಂಚೆ ಕಂಪನಿಯವರು ಕೇಳಿದ್ರು, ಕೆಳಗೇನಾದ್ರೂ ಇದೆಯಾ ಅಂತ. ಏನೂ ಇಲ್ಲ ಅಂದೆ. ಇದೆ ಅಂದ್ರೆ ಕೆಲಸ ನಿಲ್ಲುತ್ತಿತ್ತು. ನನ್ನ ಮಗಳಿಗೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಕೊಡ್ತೀವಿ ಅಂದಿದ್ರು." ಅವನು ಅಂಗೈಗಳನ್ನು ಒಂದಕ್ಕೊಂದು ಉಜ್ಜಿದ. "ನಿಮ್ಮಣ್ಣನ ದಿನ ನಿಮ್ಮ ತಾಯಿ ಬಂದಿದ್ರು. ಆಗಿನ್ನೂ ನನ್ನನ್ನ ಮನೆಗೆ ಕಳಿಸಿರಲಿಲ್ಲ. ಒಬ್ರೇ. ಗೇಟಿನ ಹೊರಗೆ ನಿಂತು, ‘ನನ್ನ ಮಗ ಅಲ್ಲೇ ಇದಾನಲ್ಲಪ್ಪಾ?’ ಅಂದ್ರು. ಇದಾನಮ್ಮ, ಅಲ್ಲೇ ಇದಾನೆ ಅಂದೆ. ಹೂವು ಕೊಟ್ಟು, ಗೆರೆ ಮೇಲೆ ಇಡು ಅಂದ್ರು. ಪ್ಲಾಸ್ಟಿಕ್ ಮೇಲೆ ಇಟ್ಟೆ. ಆವತ್ತಿಂದ ಅನ್ನ ಗಂಟಲಲ್ಲಿ ಇಳೀಲಿಲ್ಲ."

ಹೆಡ್ ಕಾನ್‌ಸ್ಟೆಬಲನ ಪೆನ್ನು ನಿಂತಿತ್ತು.

"ಮಣ್ಣು ಎಲ್ಲಿಂದ ತಂದ್ರಿ?" ಇನ್ಸ್‌ಪೆಕ್ಟರು ಕೇಳಿದರು.

"ಲಾರಿಗಳು ಸುರಿದ ಹಳ್ಳದಿಂದ. ಗೋಲುಗೆರೆ ಮಣ್ಣು ಸುಣ್ಣ ಕುಡಿದಿರುತ್ತೆ, ಬಿಳೀ ಎಳೆ ಇರುತ್ತೆ. ದಿನಾ ಹೋಗಿ ಕೆದಕಿದೆ. ಕೊನೆಗೆ ಸಿಕ್ತು. ಅವನದೇ ಅಂತ ಆಣೆ ಮಾಡಲಾರೆ. ಎರಡು ಗೋಲಿದ್ವಲ್ಲ. ಆದ್ರೆ ಆ ತಾಯಿಗೆ ಹೇಳಿದ ಮಾತು ಅಷ್ಟಾದ್ರೂ ನಿಜ ಆಗಲಿ ಅಂತ..."

"ಸರ್, ತಾಯಿಯವರ ವಿಷಯ ಬಿಟ್ಟುಬಿಡ್ಲಾ?" ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ.

"ಬಿಡಬೇಡಿ. ತನಿಖಾಧಿಕಾರಿಯ ತಾಯಿ ಅಂತಲೇ ಬರ್ಕೊಳ್ರಿ."

ಐದು ಗಂಟೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲಿಲ್ಲ. ಠಾಣೆಯಲ್ಲೇ ಜಾಮೀನು ಆಯಿತು. ಕರೆದೊಯ್ಯಲು ಮಗಳು ಕೌಂಟರಿನಿಂದ ಏಳುಬಣ್ಣದ ಅಂಗಿಯಲ್ಲೇ ಬಂದಳು. ತಂದೆಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರಕರಣವನ್ನು ಬೇರೆ ಅಧಿಕಾರಿಗೆ ಒಪ್ಪಿಸಬೇಕೆಂದು ಇನ್ಸ್‌ಪೆಕ್ಟರು ಮೇಲಿನವರಿಗೆ ಬರೆದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಹೆಡ್ ಕಾನ್‌ಸ್ಟೆಬಲ್ ‘ದ್ವೇಷ’ ಎಂದು ಬರೆಯಹೊರಟಿದ್ದ.

"ನಾಚಿಕೆ ಅಂತ ಬರೀರಿ."

"ಹಂಗೆ ಯಾರೂ ಬರೆಯಲ್ಲ ಸರ್."

"ಇದೊಂದ್ಸಲ ಬರೀರಿ."

ಮನೆಗೆ ಹೋದಾಗ ತಾಯಿ ದೇವರ ಮುಂದೆ ದೀಪ ಹಚ್ಚಿ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಇನ್ಸ್‌ಪೆಕ್ಟರು ಬೂಟು ಬಿಚ್ಚಿ, ಸಮವಸ್ತ್ರದಲ್ಲೇ ಅವರೆದುರು ನೆಲದ ಮೇಲೆ ಕೂತರು. ಲಾರಿಗಳಿಂದ ಹಿಡಿದು ಎಲ್ಲವನ್ನೂ ಹೇಳಿದರು. ತಾನು ಎತ್ತ ಮುಖ ಮಾಡಿ ನಿಂತಿದ್ದೆನೆಂಬುದನ್ನೂ ಬಿಡಲಿಲ್ಲ.

ತಾಯಿ ಬಿಡಿಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡರು.

"ಈಗ ಎಲ್ಲಿದಾನೆ?"

"ನಮ್ಮ ಠಾಣೇಲಿ, ಅಮ್ಮ. ಸೀಲ್ ಹಾಕಿಟ್ಟಿದೀನಿ."

"ನಾಳೆ ಡ್ಯೂಟಿಗೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು," ಎಂದರು ತಾಯಿ. "ಮುಂದಿನ ವಾರ ಅನ್ನಬೇಡ."